ಎಡಗೈ

ಹತ್ತನೆಯ ಭಾಗಕ್ಕೆ ನನ್ನನ್ನು ಕರೆಸಿದ್ದರು,
ಡಂಡೀಯ ಹಳೆಯ ಸೆಣಬಿನ ಗಿರಣಿಯ
ಮೂರನೇ ಮಹಡಿಗೆ. ಲಿಫ್ಟಿನ ಬಾಗಿಲಲ್ಲೇ ನಿಂತಿದ್ದಳು ಜಿನೆಟ್,
ಫೈಬರಿನಲ್ಲಿ ಎರಕ ಹೊಯ್ದ ಆರಡಿಯ ಆಳು.
ನಾನು ಬರೆದಾಗ ಅವಳು
ಹದಿನಾರು ಚೌಕ ಎತ್ತರ, ಎಂಟು ಚೌಕ ಅಗಲ.
ಗ್ರಾಫ್ ಹಾಳೆ, ಮೊಂಡು ಪೆನ್ಸಿಲು,
ಎಂಬತ್ನಾಲ್ಕರ ಚಳಿಗಾಲ, ಅಮ್ಮನ ಅಡುಗೆಮನೆ.

ಸ್ಟ್ರುವಾನ್ ಎಂಬ ಹುಡುಗ (ಗಡ್ಡ ಇದೆ, ಆದರೂ ಹುಡುಗ)
ಕಾಫಿ ತಂದಿಟ್ಟು ಕೇಳಿದ, ಹರಕೆ ಹೊತ್ತವರ ದನಿಯಲ್ಲಿ:
"ಮಿಸ್ ಗೆಡ್ಡಿಸ್, ಅವಳ ಎಡಗೈ ಏನಾಯಿತು?"

ಏನಾಗುತ್ತದೆ, ಮಾರಾಯ?
ಜಾಗ ಇರಲಿಲ್ಲ.
ಇದೇ ಊರಿನ ಗಡಿಯಾರದ ಕಾರ್ಖಾನೆ ಹೊರಹಾಕುತ್ತಿದ್ದ
ರಬ್ಬರ್ ಕೀಲಿಯ ಆ ಪುಟ್ಟ ಪೆಟ್ಟಿಗೆಯಲ್ಲಿ
ಬೆಕ್ಕಿನ ಮೀಸೆಗೂ ಲೆಕ್ಕ ಕೊಡಬೇಕಿತ್ತು.
ಅವಳು ಎರಡು ಕೈ ಬೀಸಿ ನಡೆದರೆ
ಸೇತುವೆ ಬರೆಯಲು ನೆನಪು ಸಾಲುತ್ತಿರಲಿಲ್ಲ.
ಎಡ ಹೆಗಲಿಗೊಂದು ಗೋಣಿ ಹೊರಿಸಿ
ಕೈಬಿಟ್ಟೆ.

ಎರಡನೇ ಭಾಗದಲ್ಲಿ ಗೋಣಿಗೆ ಬಣ್ಣ ಬಂತು.
ಮೂರರಲ್ಲಿ ಅದರೊಳಗೊಂದು ಬೆಕ್ಕು.
ನಾಲ್ಕಕ್ಕೆ ಲೋಕಕ್ಕೇ ಆಳ ಬಂದು,
ಕ್ಯಾಮೆರಾ ಬೆನ್ನ ಸುತ್ತ ತಿರುಗುತ್ತದೆ ಎಂದಾಗ
ಎದೆ ಧಸಕ್ಕೆಂದಿತು: ಹಿಂದೆ ಹೋಗಿ ನೋಡಿದರೆ?
ಆಗ ನಾನಲ್ಲಿ ಇರಲಿಲ್ಲ. ಪಾಲು ಮಾರಿ,
ಮನೆಯ ಮಾಡು ಸರಿ ಮಾಡಿಸಿ, ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ.
ಅವರು ಗೋಣಿಯನ್ನು ಮೈಗೇ ಹೊಲಿದುಬಿಟ್ಟರು.
ಐದರಲ್ಲಿ ಅವಳಿಗೆ ಮಾತು, ಆರರಲ್ಲಿ ಸೊಂಟ,
ಏಳರಲ್ಲಿ ಬಂದೂಕು. ಏಳು ಕೈಕೊಟ್ಟಿತು.
"ಅವಳು ಸತ್ತಳು ಬಿಡಿ, ಮಿಸ್," ಎಂದವು ನನ್ನ ಶಾಲೆಯ ಮಕ್ಕಳೇ.
ಎಂಟು ವರ್ಷ ಯಾರೂ ಹೆಸರೆತ್ತಲಿಲ್ಲ.
ಮತ್ತೆ ಯಾರೋ, ಒಸಾಕಾದಲ್ಲೋ ಓಸ್ಲೋದಲ್ಲೋ,
ಬಂದೂಕು ಕಿತ್ತುಕೊಂಡು, ವಯಸ್ಸು ಏರಿಸಿ, ಮಂಜಿನಲ್ಲಿ ನಡೆಸಿದರು.
ಬರೀ ನಡೆಸಿದರು.
ಜನ ಅತ್ತರಂತೆ.

ಈಗ ಸ್ಟ್ರುವಾನನ ಗೋಡೆಯ ತುಂಬ ಎಡಗೈಯ ಪುರಾಣ:
ಕಳೆದುಹೋದ ತಮ್ಮ, ಸುಟ್ಟ ಹಡಗು, ಒಂದು ಆಣೆ.
ಕೆಂಪು ನೂಲು, ಹಳದಿ ಚೀಟಿ.
ಜಾಗವಿಲ್ಲದ್ದಕ್ಕೆ ಎಷ್ಟೊಂದು ಜಾಗ!
ನಕ್ಕುಬಿಟ್ಟೆ. ಅವನೂ ನಕ್ಕ, ಪೆಚ್ಚಾಗಿ.
"ಬರೀ ಬೈಟುಗಳಾ?"

ಹೌದು ಎನ್ನಲು ಬಾಯಿ ತೆರೆದವಳು
ಕಿಟಕಿಯಾಚೆ ನೋಡಿದೆ. ಕೆಳಗೆ ಅಂಗಳ.
ಐದೂವರೆಯ ಸೈರನ್ನಿಗೆ ಅಮ್ಮ ಅಲ್ಲಿಂದಲೇ ಹೊರಡುತ್ತಿದ್ದಳು,
ತಲೆ ತುಂಬ ಸೆಣಬಿನ ಧೂಳು.
ಯಂತ್ರಗಳ ಸದ್ದಿನಲ್ಲಿ ಆ ಹೆಂಗಸರಿಗೆ ಕೈಸನ್ನೆಯೇ ಮಾತು;
ಎಡಗೈಯ ಎರಡು ಬೆರಳು ಯಂತ್ರ ತಿಂದ ಮೇಲೆ
ಅಮ್ಮನ ಮಾತು ತೊದಲಿತು.
ಆಮೇಲೆ ಆ ಕೈ ಏಪ್ರನ್ನಿನೊಳಗೇ.
ಫೋಟೋ ತೆಗೆಯುವಾಗ ಚೀಲವನ್ನೋ ನನ್ನನ್ನೋ
ಆ ಕಡೆಗೇ ಎತ್ತಿಕೊಳ್ಳುವಳು.

ನಲವತ್ತು ವರ್ಷ ಬೈಟು ಬೈಟು ಎಂದೆ. ಲೆಕ್ಕ ಸರಿಯಿತ್ತು.
ಸರಿಯಿರುವ ಲೆಕ್ಕವನ್ನು ಯಾರು ಮತ್ತೆ ಕೂಡಿ ನೋಡುತ್ತಾರೆ?
ಅಥವಾ ಇದೂ ಹನ್ನೊಂದನೆಯ ಭಾಗವೋ,
ಗೋಡೆಯ ಚೀಟಿ ಓದಿ ಈಗಷ್ಟೇ ನಾನು ಕಟ್ಟಿದ್ದು?

ಅವನಿಗೆ ಹೇಳಲಿಲ್ಲ. ಹೇಳಿದ್ದರೆ ನಾಳೆಯೇ
ಅಮ್ಮನಿಗೆ ಚರ್ಮ ಹೊದಿಸಿ, ದನಿ ಕೊಡಿಸಿ,
ಮೂರನೇ ಹಂತದ ಕೊನೆಗೆ ನಿಲ್ಲಿಸುತ್ತಿದ್ದರು.
"ನಡಿಗೆ ತೋರಿಸು" ಎಂದೆ.

ಜಿನೆಟ್ ನಡೆದಳು. ಉಸಿರು ಹೊಗೆಯಾಗುತ್ತಿತ್ತು,
ಗೋಣಿಯ ಎಳೆ ಎಳೆ ಎಣಿಸಬಹುದಿತ್ತು.
ಎಡ ಹೆಗಲು ತುಸು ತಗ್ಗಿತ್ತು.

"ಇದನ್ನು ಯಾರು ಹೇಳಿಕೊಟ್ಟರು?"
"ಯಾರೂ ಇಲ್ಲ. ನಿಮ್ಮ ಮೊದಲನೆಯದರಲ್ಲೇ ಇದೆ,
ಒಂದೇ ಒಂದು ಚೌಕ ಕೆಳಗೆ. ಕೈತಪ್ಪು ಅಂದುಕೊಂಡು
ಪ್ರತಿ ಸಲವೂ ಹಾಗೇ ಉಳಿಸಿಕೊಂಡು ಬಂದಿದ್ದೇವೆ."